ಕೆಲಸವಿದೆ, ಹುದ್ದೆಯಿಲ್ಲ: ಗೋಕಾಕ ಭಾಗದಲ್ಲಿ ವ್ಯವಹಾರ ಸಲಹೆಗಾರರ ಭವಿಷ್ಯ

ವ್ಯವಹಾರ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಗೋಕಾಕ, ಮೂಡಲಗಿ ಇಲ್ಲವೆ ಹುಕ್ಕೇರಿಯಲ್ಲಿಯೇ ನೆಲೆಸಿ, ಉದ್ದಿಮೆಗಳಿಗೆ ಸಲಹೆ ನೀಡುವ ವೃತ್ತಿಯಿಂದ ಗೌರವಯುತವಾಗಿ ಬದುಕಲು ಸಾಧ್ಯವೇ? ಈ ಪ್ರಶ್ನೆಯನ್ನು ಪದವೀಧರರು ಕೇಳುತ್ತಾರೆ. ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಗಳು ಕೇಳುತ್ತಾರೆ. ಆದರೆ ಉತ್ತರ ಹೇಳಬೇಕಾದವರು ಈ ಮೂರು ತಾಲೂಕುಗಳ ವ್ಯಾಪಾರಸ್ಥರು ಹಾಗೂ ಸಣ್ಣ ಉದ್ದಿಮೆದಾರರು. ಏಕೆಂದರೆ ಸಂಬಳವನ್ನಾಗಲಿ ಶುಲ್ಕವನ್ನಾಗಲಿ ಕೊಡಬೇಕಾದವರು ಅವರೇ. ಪ್ರಸ್ತುತ ಸ್ಥಿತಿಯನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಸಲಹೆಗಾರನು ಮಾಡಬೇಕಾದ ಕೆಲಸ ಇಲ್ಲಿ ರಾಶಿ ಬಿದ್ದಿದೆ. ಸಲಹೆಗಾರನೆಂಬ ಹುದ್ದೆ ಮಾತ್ರ ಇಲ್ಲ. ಈ ಅಂತರ ತುಂಬದಿರುವುದರಿಂದ ಪದವೀಧರನಿಗೆ ಆಗುವ ನಷ್ಟಕ್ಕಿಂತ ವ್ಯಾಪಾರಸ್ಥನಿಗೆ ಆಗುತ್ತಿರುವ ನಷ್ಟ ದೊಡ್ಡದು.

ನಿರ್ವಹಣೆಯನ್ನು ಹೊರಗಿನವರಿಂದ ಹಣ ಕೊಟ್ಟು ಪಡೆಯುವ ಪದ್ಧತಿ ಈ ಭಾಗಕ್ಕೆ ಹೊಸದೇನಲ್ಲ. ಘಟಪ್ರಭೆಯ ಧುಮುಕುವ ನೀರಿನ ಬಲವನ್ನು ನೆಚ್ಚಿ 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಸ್ಥಾಪನೆಯಾಯಿತು. ಮುಂದೆ ಗೋಕಾಕ ಮಿಲ್ಸ್ ಎಂದು ಹೆಸರಾದ ಆ ನೂಲಿನ ಗಿರಣಿಯ ಆಡಳಿತವನ್ನು ಮುಂಬಯಿಯ ಫೋರ್ಬ್ಸ್ ಸಂಸ್ಥೆಯು ಮ್ಯಾನೇಜಿಂಗ್ ಏಜೆಂಟ್ ಆಗಿ ನೋಡಿಕೊಂಡಿತು. ಬಂಡವಾಳ ಹಲವರದು, ಆಡಳಿತ ಒಂದು ಸಂಸ್ಥೆಯದು, ಅದಕ್ಕೆ ಪ್ರತಿಫಲ ಕಮಿಷನ್ ರೂಪದಲ್ಲಿ. ಇದು ಆ ಪದ್ಧತಿಯ ಸ್ವರೂಪ. ಅದರಲ್ಲಿ ದೋಷಗಳು ಬೆಳೆದವು, ದುರುಪಯೋಗವೂ ನಡೆಯಿತು. ಕಂಪನಿ ಕಾಯ್ದೆಯ ತಿದ್ದುಪಡಿಯ ಮೂಲಕ 1970ರ ಏಪ್ರಿಲ್ 3ರಿಂದ ದೇಶದಾದ್ಯಂತ ಮ್ಯಾನೇಜಿಂಗ್ ಏಜೆನ್ಸಿ ರದ್ದಾಯಿತು. ಆದರೂ ಆ ಪದ್ಧತಿಯಲ್ಲಿ ಒಂದು ಗುಣವಿತ್ತು: ಆಡಳಿತದ ಜ್ಞಾನಕ್ಕೆ ಬೆಲೆಯಿದೆ, ಅದನ್ನು ಲೆಕ್ಕಪುಸ್ತಕದಲ್ಲಿ ಬರೆದು ಕೊಡಬೇಕು ಎಂಬುದನ್ನು ಎಲ್ಲರೂ ಒಪ್ಪಿದ್ದರು. ಗಿರಣಿಯ ಗೇಟಿನ ಹೊರಗಿನ ಪೇಟೆಗೆ ಆ ತಿಳಿವಳಿಕೆ ಹರಡಲಿಲ್ಲ.

ಇಂದು ಈ ಮೂರು ತಾಲೂಕುಗಳಲ್ಲಿ ದೊಡ್ಡ ಉದ್ದಿಮೆಗಳಿಗೆ ಕೊರತೆಯಿಲ್ಲ. ಗೋಕಾಕ ತಾಲೂಕಿನಿಂದ ಬೇರ್ಪಟ್ಟ ಮೂಡಲಗಿ ತಾಲೂಕಿನ ಹುಣಶ್ಯಾಳ ಪಿ.ಜಿ.ಯಲ್ಲಿ ಸತೀಶ ಶುಗರ್ಸ್ ಇದೆ; ಅದೇ ತಾಲೂಕಿನ ಯಾದವಾಡದಲ್ಲಿ ದಾಲ್ಮಿಯಾ ಸಿಮೆಂಟಿನ ಕಾರ್ಖಾನೆ ಇದೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಹಳೆಯ ಹೆಸರು. ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯ ವಿಶ್ವರಾಜ ಶುಗರ್ ಇಂಡಸ್ಟ್ರೀಸ್ 2019ರಲ್ಲಿ ಷೇರು ಮಾರುಕಟ್ಟೆಗೆ ಬಂದಿತು. ಅದೇ ತಾಲೂಕಿನ ಹತ್ತರಗಿಯಲ್ಲಿ ರಾಷ್ಟ್ರೀಯ ಹೆದ್ದಾರಿಗೆ ಹೊಂದಿಕೊಂಡು ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವಿದ್ದು, ಅಲ್ಲಿ ತಯಾರಾಗುವ ವಿಮಾನದ ಬಿಡಿಭಾಗಗಳು ಹೊರದೇಶಗಳಿಗೆ ಹೋಗುತ್ತವೆ. ಈ ಸಂಸ್ಥೆಯ ಷೇರುಗಳೂ 2025ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಯ ಪಟ್ಟಿಗೆ ಸೇರಿದವು. ಇಷ್ಟೆಲ್ಲ ಇರುವಾಗ ಸಲಹೆಗಾರರಿಗೆ ಅವಕಾಶವೇಕಿಲ್ಲ ಎಂದು ಮೇಲ್ನೋಟಕ್ಕೆ ಅನಿಸುವುದು ಸಹಜ. ಆದರೆ ಈ ಗಾತ್ರದ ಸಂಸ್ಥೆಗಳು ಯಾವ ಸಲಹಾ ಸಂಸ್ಥೆಯನ್ನು ನೇಮಿಸಬೇಕೆಂಬ ತೀರ್ಮಾನ ಮುಖ್ಯ ಕಚೇರಿಯಲ್ಲಿ ಆಗುತ್ತದೆ. ನೇಮಕಗೊಂಡವರು ಬೆಂಗಳೂರು, ಪುಣೆ, ಮುಂಬಯಿಗಳಿಂದ ಬಂದು, ನಾಲ್ಕು ದಿನ ಇದ್ದು, ವರದಿ ಬರೆದು ಹೋಗುತ್ತಾರೆ. ಸ್ಥಳೀಯ ಪದವೀಧರನಿಗೆ ಅಲ್ಲಿ ದೊರೆಯುವುದು ಗುಣಮಟ್ಟ ವಿಭಾಗ, ಉಗ್ರಾಣ, ಖರೀದಿ, ಸಿಬ್ಬಂದಿ ವಿಭಾಗಗಳ ನೌಕರಿ. ಅದು ಒಳ್ಳೆಯ ನೌಕರಿಯೇ. ಮುಂದೆ ಸಲಹೆಗಾರನಾಗಬೇಕೆನ್ನುವವರು ಮೊದಲ ಐದಾರು ವರ್ಷ ಅಲ್ಲಿ ಕಳೆಯುವುದೂ ಒಳ್ಳೆಯದೇ. ಒಂದು ದಿನವೂ ಸ್ಟಾಕ್ ಎಣಿಸದವನು ಸ್ಟಾಕಿನ ಬಗ್ಗೆ ಸಲಹೆ ಕೊಟ್ಟರೆ ಕೇಳುವವರಿಲ್ಲ.

ಇದಕ್ಕೆ ಒಂದು ಅಪವಾದವನ್ನು ಗಮನಿಸಬೇಕು. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ದೇಶದ ಮೊದಲ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಒಂದು. ರಾಜ್ಯದಲ್ಲಿ ವಿದ್ಯುತ್ ವಿತರಣೆ ಮಾಡುವ ಸಹಕಾರಿ ಸಂಘ ಇದೊಂದೇ. ವಿದ್ಯುತ್ತನ್ನು ಸಗಟಾಗಿ ಕೊಂಡು ತಾಲೂಕಿನ ಗ್ರಾಹಕರಿಗೆ ಹಂಚುವುದು ಇದರ ಕೆಲಸ. ಇತರ ವಿತರಣಾ ಕಂಪನಿಗಳಂತೆಯೇ ಇದು ಕೂಡ ತನ್ನ ಖರ್ಚು, ಆದಾಯ, ವಿದ್ಯುತ್ ಸೋರಿಕೆ, ಮುಂದಿನ ವರ್ಷದ ಬೇಡಿಕೆಗಳ ಲೆಕ್ಕವನ್ನು ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗದ ಮುಂದಿಟ್ಟು ದರ ನಿಗದಿಗೆ ಅರ್ಜಿ ಸಲ್ಲಿಸಬೇಕು. ಅಂತಹ ಅರ್ಜಿಯನ್ನು ಸಿದ್ಧಪಡಿಸುವುದು ಉನ್ನತ ಮಟ್ಟದ ನಿರ್ವಹಣಾ ಕೆಲಸ. ಹುಕ್ಕೇರಿಯಂತಹ ಊರಿನಲ್ಲಿ ಇಂತಹ ಕೆಲಸ ಐದು ದಶಕಕ್ಕೂ ಹೆಚ್ಚು ಬಾಳಿದ ಸಂಸ್ಥೆಯ ಒಳಗೇ ಇದೆ ಎಂಬುದನ್ನು ಬೆಳಗಾವಿಯ ನಿರ್ವಹಣಾ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಬಲ್ಲರು? ಅವರ ಪಠ್ಯದಲ್ಲಿ ಅಮೆರಿಕದ ಕಾರು ಕಂಪನಿಯ ಕಥೆ ಇರುತ್ತದೆ. ಒಂದೆರಡು ತಾಸಿನ ದಾರಿಯಲ್ಲಿರುವ ಹುಕ್ಕೇರಿಯ ಸಂಘದ ಕಥೆ ಇರುವುದಿಲ್ಲ.

ದೊಡ್ಡವರ ಮಾತು ಇಷ್ಟಕ್ಕೆ ಸಾಕು. ಪತ್ರಿಕೆಯ ಬಹುಪಾಲು ಓದುಗರು ಸಣ್ಣವರು. ಕರದಂಟಿನ ತಯಾರಕರು, ಬೆಲ್ಲದ ಗಾಣದ ಮಾಲೀಕರು, ಅಡತ ಅಂಗಡಿಯವರು, ಗೊಬ್ಬರ ಬೀಜದ ವ್ಯಾಪಾರಿಗಳು, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವರ್ಕ್‌ಶಾಪಿನವರು. ಇವರಿಗೆ ಸಲಹೆ ಎಂದೂ ಕಡಿಮೆಯಾಗಿಲ್ಲ. ಅಂಗಡಿಯ ದಿವಾಣಜಿ ಸಲಹೆ ಕೊಡುತ್ತಾನೆ, ದಲಾಲ ಕೊಡುತ್ತಾನೆ, ಬ್ಯಾಂಕಿನ ಮ್ಯಾನೇಜರ್ ಕೊಡುತ್ತಾರೆ, ಬೀಗರಲ್ಲಿ ಯಾರಾದರೊಬ್ಬ ವ್ಯಾಪಾರಸ್ಥರಿದ್ದರೆ ಅವರಂತೂ ಕೇಳದಿದ್ದರೂ ಕೊಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ತೆರಿಗೆ ಸಲಹೆಗಾರರು ಹಾಗೂ ಲೆಕ್ಕ ಪರಿಶೋಧಕರು ಕೊಡುತ್ತಾರೆ. ಇದಾವುದಕ್ಕೂ ಶುಲ್ಕವಿಲ್ಲ. ಶುಲ್ಕವಿಲ್ಲದ್ದರಿಂದ ಹೊಣೆಯೂ ಇಲ್ಲ. ಗೋದಾಮು ಕಟ್ಟು ಎಂದವನು, ಗೋದಾಮು ಖಾಲಿ ಬಿದ್ದಾಗ ಕಂತು ತುಂಬಲು ಬರುವುದಿಲ್ಲ.

ಈ ಸ್ಥಿತಿಗೆ ಲೆಕ್ಕ ಪರಿಶೋಧಕರ ವೃತ್ತಿಯೂ ಕಾರಣವೆಂಬುದನ್ನು ಒಪ್ಪಿಕೊಳ್ಳಬೇಕು. ರಿಟರ್ನ್ ತುಂಬುವ ಶುಲ್ಕದಲ್ಲಿಯೇ ಮಗನ ಹೊಸ ಧಂದೆಯ ಬಗ್ಗೆ ಅಭಿಪ್ರಾಯ, ಪಾಲುದಾರಿಕೆ ಒಡೆಯುವ ಬಗ್ಗೆ ಪಂಚಾಯಿತಿ, ಬ್ಯಾಂಕ್ ಬದಲಿಸುವ ಬಗ್ಗೆ ಸೂಚನೆ, ಎಲ್ಲವನ್ನೂ ಸೇರಿಸಿ ಕೊಟ್ಟು ರೂಢಿಯಾಗಿದೆ. ಜುಲೈ ಮತ್ತು ಸೆಪ್ಟೆಂಬರ್ ತಿಂಗಳುಗಳ ಗಡಿಬಿಡಿಯಲ್ಲಿ, ಮೇಜಿನ ಆಚೆ ಹತ್ತು ಜನ ಕಾಯುತ್ತಿರುವಾಗ ಹತ್ತು ನಿಮಿಷದಲ್ಲಿ ಕೊಟ್ಟ ಅಭಿಪ್ರಾಯದ ಮೇಲೆ ವ್ಯಾಪಾರಸ್ಥನು ಹತ್ತು ಲಕ್ಷ ಹೂಡುತ್ತಾನೆ. ಕಂಪನಿಯ ರೂಪದಲ್ಲಿರುವ ಉದ್ದಿಮೆಗಳಿಗೆ ಕಾನೂನಿನ ತೊಡಕೂ ಇದೆ. 2013ರ ಕಂಪನಿ ಕಾಯ್ದೆಯ 144ನೆಯ ಕಲಮಿನ ಪ್ರಕಾರ, ಕಂಪನಿಯ ಲೆಕ್ಕ ತಪಾಸಣೆ ಮಾಡುವ ಲೆಕ್ಕ ಪರಿಶೋಧಕನು ಅದೇ ಕಂಪನಿಗೆ ಲೆಕ್ಕ ಬರೆಯುವ, ಆಂತರಿಕ ತಪಾಸಣೆಯ, ನಿರ್ವಹಣೆಯ ಸೇವೆಗಳನ್ನು ಒದಗಿಸುವಂತಿಲ್ಲ. ತಾನೇ ಹೇಳಿದ್ದನ್ನು ತಾನೇ ತಪಾಸಣೆ ಮಾಡಬಾರದೆಂಬ ಸರಳ ನ್ಯಾಯವಿದು. ಸಲಹೆಯ ಕೆಲಸ ಬೇರೊಬ್ಬರ ಕೈಗೆ ಹೋಗಬೇಕೆಂದು ಕಾಯ್ದೆಯೇ ಹೇಳುತ್ತಿರುವಾಗ, ಆ ಬೇರೊಬ್ಬರು ಊರಿನಲ್ಲಿ ಇರಬೇಡವೇ?

ಸಲಹೆಯ ಹೆಸರಿನಲ್ಲಿ ಈ ಭಾಗದಲ್ಲಿ ನಿಜವಾಗಿ ಹಣ ಕೊಟ್ಟು ಕೊಳ್ಳುವ ವಸ್ತು ಒಂದೇ: ಸಾಲಕ್ಕಾಗಿ ಯೋಜನಾ ವರದಿ. ಈ ವರದಿಗಳು ತಯಾರಾಗುವ ಬಗೆ ಎಲ್ಲರಿಗೂ ಗೊತ್ತು. ಮೊದಲು ಎಷ್ಟು ಸಾಲ ಬೇಕೆಂಬುದು ತೀರ್ಮಾನವಾಗುತ್ತದೆ. ಆ ಮೇಲೆ ಅದಕ್ಕೆ ತಕ್ಕ ಉತ್ಪಾದನೆ, ಮಾರಾಟ, ಲಾಭ ಹಿಂದುಮುಂದಾಗಿ ಕೂಡಿಕೊಳ್ಳುತ್ತವೆ. ಸಾಲ ತೀರಿಸುವ ಸಾಮರ್ಥ್ಯದ ಅನುಪಾತ ಬಹುತೇಕ ಪ್ರತಿ ವರದಿಯಲ್ಲಿಯೂ ಒಂದೂವರೆಗಿಂತ ಮೇಲೆಯೇ ಇರುತ್ತದೆ. ಹುಟ್ಟುವ ಮಕ್ಕಳೆಲ್ಲರ ಜಾತಕದಲ್ಲಿ ರಾಜಯೋಗ ಇದ್ದಂತೆ! ಸಾಲ ಮಂಜೂರಾದ ಮೇಲೆ ವರದಿಯನ್ನು ತೆರೆದು ನೋಡಿದವರು ವಿರಳ.

ಇದರ ಪರಿಣಾಮವನ್ನು ಬೆಲ್ಲದ ಗಾಣವೊಂದರ ಲೆಕ್ಕದಿಂದ ತೋರಿಸಬಹುದು. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕ್ರಮಬದ್ಧೀಕರಣಕ್ಕಾಗಿ ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ಪ್ರಧಾನಮಂತ್ರಿ ಯೋಜನೆಯೊಂದನ್ನು ಆರಂಭಿಸಿದಾಗ, 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ಬೆಳಗಾವಿ ಜಿಲ್ಲೆಗೆ ಬೆಲ್ಲವನ್ನು ಗೊತ್ತುಮಾಡಲಾಯಿತು. ಯೋಜನಾ ವೆಚ್ಚದ ಶೇ. 35ರಷ್ಟು ಕೇಂದ್ರ ಯೋಜನೆಯ ಸಹಾಯಧನ, ಅದರ ಮೇಲೆ ಶೇ. 15ರಷ್ಟು ರಾಜ್ಯದ ಸೇರ್ಪಡೆ, ಒಟ್ಟು 15 ಲಕ್ಷ ರೂಪಾಯಿಗಳ ಮಿತಿ ಎಂಬುದು ಅದರ ಆಕರ್ಷಣೆಯಾಗಿತ್ತು. ಸಹಾಯಧನ ಕೂಡಲೇ ಮಾಲೀಕನ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲಿಯೇ ಇರುತ್ತದೆ ಎಂಬುದನ್ನು ಹಲವರು ಸಾಲ ಪಡೆದ ಮೇಲೆಯೇ ತಿಳಿದುಕೊಂಡರು. ಗಾಣದ ಮಾಲೀಕನು 12 ಲಕ್ಷ ರೂಪಾಯಿಯನ್ನು ಶೇ. 11ರ ಬಡ್ಡಿಗೆ ಐದು ವರ್ಷಗಳ ಅವಧಿಗೆ ಸಾಲ ಪಡೆದನೆಂದು ಇಟ್ಟುಕೊಳ್ಳಬಹುದು. ತಿಂಗಳ ಕಂತು ಸುಮಾರು 26,000 ರೂಪಾಯಿ. ವರ್ಷಕ್ಕೆ 3 ಲಕ್ಷ 13 ಸಾವಿರ. ವರದಿಯಲ್ಲಿ ಗಾಣ ವರ್ಷಕ್ಕೆ 300 ದಿನ ನಡೆಯುತ್ತದೆ. ವಾಸ್ತವದಲ್ಲಿ ಕಬ್ಬು ಸಿಗುವ ಕಾಲ, ಕಾರ್ಖಾನೆಗಳ ಪೈಪೋಟಿ, ಆಳುಗಳ ಕೊರತೆ ಎಲ್ಲ ಕಳೆದು ಐದು ತಿಂಗಳು ನಡೆದರೆ, ಆ ಐದು ತಿಂಗಳಲ್ಲಿ ಪ್ರತಿ ತಿಂಗಳೂ ಕಂತಿಗಾಗಿಯೇ 62,000ಕ್ಕಿಂತ ಹೆಚ್ಚು ಹಣ ತೆಗೆದಿಡಬೇಕಾಗುತ್ತದೆ. ಗಾಣ ನಿಂತ ತಿಂಗಳುಗಳಲ್ಲಿ ಕಂತು ತಪ್ಪುತ್ತದೆ. ಮೂರು ತಿಂಗಳು ತಪ್ಪಿದರೆ ಖಾತೆ ಅನುತ್ಪಾದಕ ಸಾಲವಾಗುತ್ತದೆ. ಮುಂದಿನ ಹಂಗಾಮಿಗೆ ದುಡಿಯುವ ಬಂಡವಾಳ ಕೇಳಲು ಮುಖವಿರುವುದಿಲ್ಲ. ಇಲ್ಲಿ ಧಂದೆ ಕೆಟ್ಟದ್ದಲ್ಲ, ಬೆಲ್ಲ ಕೆಟ್ಟದ್ದಲ್ಲ. ಕಂತಿನ ವೇಳಾಪಟ್ಟಿ ಕೆಟ್ಟದ್ದು. ಹಂಗಾಮಿಗೆ ತಕ್ಕಂತೆ ಕಂತುಗಳನ್ನು ಕಟ್ಟಿಕೊಡಿರೆಂದು ಬ್ಯಾಂಕಿನ ಮುಂದೆ ಕುಳಿತು ಲೆಕ್ಕಸಹಿತ ವಾದಿಸುವವನೇ ಸಲಹೆಗಾರ. ವರದಿಗೆ ಕೊಡುವ ಐದು ಸಾವಿರಕ್ಕಿಂತ ಈ ವಾದಕ್ಕೆ ಇಪ್ಪತ್ತು ಸಾವಿರ ಕೊಡುವುದು ಲಾಭದಾಯಕ. ಆದರೆ ವರದಿ ಕೈಗೆ ಸಿಗುವ ವಸ್ತು, ವಾದ ಕಣ್ಣಿಗೆ ಕಾಣದ ವಸ್ತು.

ಸರ್ಕಾರದ ಯೋಜನೆಗಳು ಸಣ್ಣ ಊರುಗಳಲ್ಲಿ ಸಲಹೆಗಾರರ ಒಂದು ಹೊಸ ವರ್ಗವನ್ನೇ ಸೃಷ್ಟಿಸಿವೆ. ಮೇಲೆ ಹೇಳಿದ ಆಹಾರ ಸಂಸ್ಕರಣಾ ಯೋಜನೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳೆಂಬ ವ್ಯವಸ್ಥೆ ಮಾಡಲಾಯಿತು. ಉದ್ದಿಮೆದಾರನ ಅರ್ಜಿ, ವರದಿ, ಬ್ಯಾಂಕ್, ಪರವಾನಗಿ, ತರಬೇತಿ ಎಲ್ಲದರಲ್ಲಿಯೂ ಕೈಹಿಡಿದು ನಡೆಸುವುದು ಅವರ ಕರ್ತವ್ಯ. ಪ್ರತಿಫಲ ಒಂದು ಘಟಕಕ್ಕೆ 20,000 ರೂಪಾಯಿ. ಅರ್ಧ ಸಾಲ ಮಂಜೂರಾದಾಗ, ಉಳಿದರ್ಧ ಘಟಕವು ನೋಂದಣಿ, ಆಹಾರ ಸುರಕ್ಷತೆ ಮುಂತಾದ ಷರತ್ತುಗಳನ್ನು ಪೂರೈಸಿದಾಗ. ವರ್ಷದಲ್ಲಿ 15 ಘಟಕಗಳಿಗೆ ಸಾಲ ಮಂಜೂರಾಗಿ, ಅವುಗಳಲ್ಲಿ 9 ಮಾತ್ರ ಎರಡನೆಯ ಹಂತ ಮುಟ್ಟಿದರೆ ಆ ವ್ಯಕ್ತಿಯ ವರಮಾನ 2 ಲಕ್ಷ 40 ಸಾವಿರ ರೂಪಾಯಿ, ಅಂದರೆ ತಿಂಗಳಿಗೆ 20,000. ಇದರಲ್ಲಿ ಮೋಟರ್ ಸೈಕಲ್ಲಿನ ಪೆಟ್ರೋಲು, ಬ್ಯಾಂಕಿಗೆ ಹತ್ತು ಬಾರಿಯ ಅಲೆದಾಟ, ಜೆರಾಕ್ಸ್ ಎಲ್ಲ ಹೋಗಬೇಕು. ಆದರೂ ಈ ವ್ಯವಸ್ಥೆಯ ರಚನೆಯಲ್ಲಿ ಜಾಣತನವಿದೆ: ಸಲಹೆಗಾರನ ಅರ್ಧ ಶುಲ್ಕ ಫಲಿತಾಂಶಕ್ಕೆ ಕಟ್ಟಲ್ಪಟ್ಟಿದೆ. ಖಾಸಗಿ ವ್ಯಾಪಾರಸ್ಥರು ಇದನ್ನು ಅನುಕರಿಸಬಹುದು.

ರೈತ ಉತ್ಪಾದಕ ಸಂಸ್ಥೆಗಳ ಕಥೆಯೂ ಇದೇ ಬಗೆಯದು. 2020ರಲ್ಲಿ ಆರಂಭವಾದ ಕೇಂದ್ರ ಯೋಜನೆಯಲ್ಲಿ ಪ್ರತಿ ಸಂಸ್ಥೆಗೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿವರೆಗೆ ನೆರವು. ಅದರೊಳಗೆ ಮುಖ್ಯ ಕಾರ್ಯನಿರ್ವಾಹಕನ ಸಂಬಳಕ್ಕೆ ತಿಂಗಳಿಗೆ 25,000 ರೂಪಾಯಿಯ ಮಿತಿ. ಕೃಷಿ ಇಲ್ಲವೆ ವ್ಯವಹಾರ ಪದವಿ ಪಡೆದ ಹಳ್ಳಿಯ ಮಕ್ಕಳಿಗೆ ತಮ್ಮ ಊರಿನಲ್ಲಿಯೇ ನಿರ್ವಾಹಕರೆನಿಸಿಕೊಳ್ಳುವ ಅವಕಾಶ ಇದರಿಂದ ದೊರೆಯಿತು. 10,000 ಸಂಸ್ಥೆಗಳೆಂಬ ಗುರಿ 2025ರ ಫೆಬ್ರುವರಿಯಲ್ಲಿ ತಲುಪಿತು. ಮೂರು ವರ್ಷ ಮುಗಿದ ಸಂಸ್ಥೆಯಲ್ಲಿ ಆ ಸಂಬಳವನ್ನು ಸಂಸ್ಥೆಯ ಸ್ವಂತ ಲಾಭದಿಂದ ಕೊಡಬೇಕು. ಗೊಬ್ಬರದ ಮಾರಾಟದಲ್ಲಿ ಸಿಗುವ ಅಲ್ಪ ಅಂತರದಿಂದ ವರ್ಷಕ್ಕೆ ಮೂರು ಲಕ್ಷ ಸಂಬಳ ಹೊರಡುವುದು ಸುಲಭವಲ್ಲವೆಂದು ಗೊಬ್ಬರದ ವ್ಯಾಪಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯೋಜನೆಯ ಮೇಲೆ ನಿಂತ ಉದ್ಯೋಗಕ್ಕೆ ಯೋಜನೆಯ ಆಯುಷ್ಯವೇ ಆಯುಷ್ಯ. ಆದ್ದರಿಂದ ಈ ಭಾಗದಲ್ಲಿ ಸಲಹಾ ವೃತ್ತಿ ಬಾಳಬೇಕಾದರೆ ಅದರ ಗಿರಾಕಿ ಸರ್ಕಾರವಾಗಬಾರದು, ಪೇಟೆಯಾಗಬೇಕು.

ಪೇಟೆಗೆ ಇದರಿಂದ ಏನು ಲಾಭ? ಗೋಕಾಕದ ಕರದಂಟನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಮೀನಗಡದ ಪೈಪೋಟಿಯ ನಡುವೆಯೂ ಗೋಕಾಕದ ಹೆಸರು ಉಳಿದಿರುವುದು ಸರಕಿನ ಗುಣದಿಂದ. ಬೆಲೆ ನಿಗದಿಯ ಶಾಸ್ತ್ರದಿಂದಲ್ಲ. ಬೆಲೆಯನ್ನು ಸಾಮಾನ್ಯವಾಗಿ ಎದುರಿನ ಅಂಗಡಿಯ ಫಲಕ ನೋಡಿ ಗೊತ್ತುಮಾಡಲಾಗುತ್ತದೆ. ಕೆಳಗಿನ ಅಂಕಿಗಳು ಯಾವುದೇ ಒಂದು ಅಂಗಡಿಯವಲ್ಲ, ಲೆಕ್ಕದ ಬಗೆ ತೋರಿಸಲು ಮಾತ್ರ. ಒಂದು ಕಿಲೋ ಕರದಂಟಿಗೆ ಗೋಡಂಬಿ, ಅಂಟು, ಒಣಕೊಬ್ಬರಿ, ಬೆಲ್ಲ, ತುಪ್ಪ, ಕೂಲಿ, ಗ್ಯಾಸು, ಡಬ್ಬಿ ಎಲ್ಲ ಸೇರಿ 610 ರೂಪಾಯಿ ತಗಲುತ್ತದೆ ಎನ್ನಬಹುದು. ಸ್ವಂತ ಅಂಗಡಿಯ ಗಲ್ಲೆಯ ಮೇಲೆ 720ಕ್ಕೆ ರೋಖ ಮಾರಾಟ, ಉಳಿಕೆ 110. ಬೆಳಗಾವಿ, ಹುಬ್ಬಳ್ಳಿಯ ಅಂಗಡಿಗಳಿಗೆ 680ರ ದರದಲ್ಲಿ ಉದ್ರಿ. ಉಳಿಕೆ 70 ಎಂದು ಮಾಲೀಕನ ನಂಬಿಕೆ. ಆದರೆ ನೂರಕ್ಕೆ ನಾಲ್ಕು ಡಬ್ಬಿ ಮಾರಾಟವಾಗದೆ ಮರಳಿದರೆ ಕಿಲೋಗೆ 27 ರೂಪಾಯಿ ಹೋಯಿತು. ಹಣ ಎರಡು ತಿಂಗಳು ತಡವಾಗಿ ಬಂದರೆ ಬಡ್ಡಿ 13. ಸಾಗಣೆ 10. ಉಳಿದದ್ದು ಸುಮಾರು 20 ರೂಪಾಯಿ. ಊರೂರಿಗೆ ಸರಕು ಹೋಗುತ್ತದೆಂಬ ಅಭಿಮಾನದ ಬೆಲೆ, ಗಲ್ಲೆಯ ಮೇಲಿನ ಲಾಭದ ಐದನೆಯ ಒಂದು ಪಾಲಿಗಿಂತಲೂ ಕಡಿಮೆ! ಅದರ ಮೇಲೆ ಹೊರಗಿನ ಬೇಡಿಕೆ ಪೂರೈಸಲು ಹೊಸ ಕಡಾಯಿ, ಹೊಸ ಆಳು, ಹೊಸ ಸಾಲ. ಈ ಲೆಕ್ಕವನ್ನು ಕಂಡುಹಿಡಿಯಲು ಸಾಫ್ಟ್‌ವೇರ್ ಬೇಕಾಗಿಲ್ಲ; ತಿಂಗಳೊಪ್ಪತ್ತು ಪುಸ್ತಕ ಹಿಡಿದು ಅಂಗಡಿಯಲ್ಲಿ ಕೂರುವ, ಮರಳಿ ಬಂದ ಡಬ್ಬಿಗಳನ್ನು ಎಣಿಸುವ ತಾಳ್ಮೆಯ ಪದವೀಧರ ಸಾಕು. ಹೊರಗಿನ ವ್ಯಾಪಾರ ನಿಲ್ಲಿಸಬೇಕೆಂದು ಇದರ ಅರ್ಥವಲ್ಲ. ಮರಳಿ ತೆಗೆದುಕೊಳ್ಳುವ ಷರತ್ತನ್ನು ಬದಲಿಸಬಹುದು, ದೀಪಾವಳಿ ಮತ್ತು ಮದುವೆಯ ಹಂಗಾಮಿನಲ್ಲಿ ಮಾತ್ರ ಹೊರಗೆ ಕಳುಹಿಸಬಹುದು, ಬಾಕಿಗೆ ಗಡುವು ಹಾಕಬಹುದು. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉತ್ಪಾದಕರಿಗೆ ಗರಿಷ್ಠ 45 ದಿನಗಳಲ್ಲಿ ಹಣ ಸಂದಾಯವಾಗಬೇಕು. ಗಿರಾಕಿಯ ಮೇಲೆ ದೂರು ಕೊಡುವ ಧೈರ್ಯ ಯಾವ ವ್ಯಾಪಾರಸ್ಥನಿಗೂ ಇರುವುದಿಲ್ಲ, ಅದು ನಿಜ. ಆದರೆ ಬಿಲ್ಲಿನ ಕೆಳಗೆ ಉದ್ಯಮ ನೋಂದಣಿ ಸಂಖ್ಯೆ ಮತ್ತು ಈ 45 ದಿನಗಳ ಸಾಲನ್ನು ಮುದ್ರಿಸಲು ಧೈರ್ಯ ಬೇಕಿಲ್ಲ.

ಶುಲ್ಕದ ವಿಷಯದಲ್ಲಿ ಸ್ಥಳೀಯ ಸಲಹೆಗಾರನಿಗೆ ಇರುವ ಒಂದು ಅನುಕೂಲವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ನಿರ್ವಹಣಾ ಸಲಹೆಯ ಮೇಲೆ ಜಿಎಸ್‌ಟಿ ದರ ಶೇ. 18. ನಗರದ ಸಂಸ್ಥೆ 50,000 ರೂಪಾಯಿಯ ಬಿಲ್ಲು ಮಾಡಿದರೆ 9,000 ತೆರಿಗೆ ಸೇರಿ 59,000 ಆಗುತ್ತದೆ. ಗಿರಾಕಿಯು ರಾಜಿ ತೆರಿಗೆ ಪದ್ಧತಿಯಲ್ಲಿದ್ದರೆ ಆ 9,000 ಮರಳಿ ಜಮೆಯಾಗುವುದಿಲ್ಲ. ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿರುವ ಊರಿನ ಸಲಹೆಗಾರನು ನೋಂದಣಿ ಮಾಡಿಸಬೇಕಾಗಿಯೇ ಇಲ್ಲ.

ಹಣಕಾಸಿನ ಸಹಕಾರಿಗಳು ಮತ್ತೊಂದು ಕ್ಷೇತ್ರ. 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆ 2001ರ ಜನವರಿಯಿಂದ ಜಾರಿಗೆ ಬಂದ ಮೇಲೆ ಬೆಳಗಾವಿ ಜಿಲ್ಲೆಯ ಪೇಟೆ ಪೇಟೆಗಳಲ್ಲಿ ಸೌಹಾರ್ದ ಸಂಸ್ಥೆಗಳು ತಲೆಯೆತ್ತಿದವು. ಇಂದು ವ್ಯವಹಾರ ಪದವೀಧರರಿಗೆ ಊರಿನಲ್ಲಿ ಸುಲಭವಾಗಿ ದೊರೆಯುವ ನೌಕರಿಗಳಲ್ಲಿ ಇವುಗಳದೂ ಕಿರುಸಾಲ ಸಂಸ್ಥೆಗಳದೂ ಸೇರಿವೆ. ಆದರೆ ಕೆಲಸ ಬಹುತೇಕ ವಸೂಲಿಯದು. ವಸೂಲಿಯ ಬಿಗಿ ಯಾವ ಮಟ್ಟಕ್ಕೆ ಹೋಯಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲಗಾರರ ಮೇಲಿನ ಬಲವಂತದ ಕ್ರಮಗಳನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲ ಕೊಡುವ ಮುನ್ನ ಧಂದೆಯನ್ನು ಅಳೆದು ನೋಡುವ ಒಬ್ಬ ತಿಳಿವಳಿಕಸ್ಥನನ್ನು ನೇಮಿಸಿಕೊಳ್ಳದ ಸಂಸ್ಥೆ, ಸಾಲ ಕೊಟ್ಟ ಮೇಲೆ ಮನೆಬಾಗಿಲಿಗೆ ಹೋಗುವ ಐದು ಜನರನ್ನು ನೇಮಿಸಿಕೊಳ್ಳಬೇಕಾಗುತ್ತದೆ. ನಿರ್ವಹಣಾ ಶಿಕ್ಷಣ ಪಡೆದ ಹುಡುಗನನ್ನು ಈ ಐವರಲ್ಲಿ ಒಬ್ಬನನ್ನಾಗಿ ಮಾಡುವುದಕ್ಕಿಂತ ಆ ಒಬ್ಬನನ್ನಾಗಿ ಮಾಡುವುದು ಸಂಸ್ಥೆಗೂ ಲೇಸು.

ಶಿಕ್ಷಣ ಸಂಸ್ಥೆಗಳ ಪಾತ್ರವನ್ನೂ ಹೇಳಬೇಕು. ಧಾರವಾಡದಲ್ಲಿ ಕೌಸಾಳಿ ಸಂಸ್ಥೆ, ಬೆಳಗಾವಿಯಲ್ಲಿ ಕರ್ನಾಟಕ ಕಾನೂನು ಸಂಸ್ಥೆಯ ನಿರ್ವಹಣಾ ಕಾಲೇಜು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 2010ರಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇವೆಲ್ಲ ಇವೆ. ವಿದ್ಯಾರ್ಥಿಗಳು ಅಭ್ಯಾಸಕ್ಕೆಂದು ಸಕ್ಕರೆ ಕಾರ್ಖಾನೆಗೆ ಬರುತ್ತಾರೆ, ಕಾರ್ಮಿಕರ ತೃಪ್ತಿಯ ಬಗ್ಗೆ ಪ್ರಶ್ನಾವಳಿ ಹಂಚುತ್ತಾರೆ, ಕಾರ್ಮಿಕರು ತೃಪ್ತರಾಗಿದ್ದಾರೆಂದು ಬರೆದು ಬೈಂಡ್ ಮಾಡಿಸುತ್ತಾರೆ. ಅದೇ ಅವಧಿಯನ್ನು ಸಂಕೇಶ್ವರದ ಮೆಣಸಿನಕಾಯಿ ವ್ಯಾಪಾರಿಯ ಬಾಕಿ ಪಟ್ಟಿ ನೋಡುವುದರಲ್ಲಿ ಕಳೆದಿದ್ದರೆ ಹುಡುಗನಿಗೂ ವಿದ್ಯೆ, ವ್ಯಾಪಾರಿಗೂ ಉಪಯೋಗ. ಇನ್ನೊಂದು ತೊಡಕು ಭಾಷೆಯದು. ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ, ಅಂಗಡಿಯಲ್ಲಿ ನಡೆಯುವುದು ಕನ್ನಡ, ಗಡಹಿಂಗ್ಲಜ, ಕೊಲ್ಲಾಪುರದ ಪೇಟೆಯೊಂದಿಗೆ ಮರಾಠಿ. ತನ್ನ ಪರೀಕ್ಷೆಯಲ್ಲಿ ದುಡಿಯುವ ಬಂಡವಾಳದ ಬಗ್ಗೆ ಹತ್ತು ಪುಟ ಬರೆದವನು, ಅದನ್ನೇ ಅರವತ್ತು ವರ್ಷದ ಸಾಹುಕಾರರಿಗೆ ಐದು ನಿಮಿಷದಲ್ಲಿ ಹೇಳಲಾರ. ಹೇಳಬಲ್ಲ ಸ್ಥಳೀಯನಿಗೆ ಬೆಂಗಳೂರಿನ ಯಾವ ಸಂಸ್ಥೆಯೂ ಇಲ್ಲಿ ಸಾಟಿಯಾಗಲಾರದು.

ಹಾಗಾದರೆ ಆರಂಭ ಹೇಗೆ? 2011ರ ಜನಗಣತಿಯಲ್ಲಿ ಸುಮಾರು 79,000 ಜನಸಂಖ್ಯೆ ಇದ್ದ ಗೋಕಾಕದಂತಹ ಊರಿನಲ್ಲಿ ಒಬ್ಬ ಸಣ್ಣ ಉದ್ದಿಮೆದಾರ ಪೂರ್ಣಕಾಲಿಕ ಸಲಹೆಗಾರನನ್ನು ಇಟ್ಟುಕೊಳ್ಳಲಾರ, ಇಟ್ಟುಕೊಳ್ಳಬೇಕಾಗಿಯೂ ಇಲ್ಲ. ಆರು ಜನ ಸೇರಿ ಒಬ್ಬನನ್ನು ಇಟ್ಟುಕೊಳ್ಳಬಹುದು. ತಿಂಗಳಿಗೆ ತಲಾ 6,000 ರೂಪಾಯಿ ಎಂದರೆ ಸಲಹೆಗಾರನಿಗೆ 36,000; ವಾರಕ್ಕೆ ಒಂದು ದಿನದಂತೆ ಪ್ರತಿಯೊಬ್ಬರ ಅಂಗಡಿಯಲ್ಲಿ ಕುಳಿತು ಕೆಲಸ. ವರ್ಷಕ್ಕೆ ಒಂದು ಕೋಟಿ ವಹಿವಾಟಿನ ಉದ್ದಿಮೆಗೆ ಇದು ನೂರಕ್ಕೆ ಮುಕ್ಕಾಲು ರೂಪಾಯಿಗಿಂತ ಕಡಿಮೆ ಖರ್ಚು. ಒಂದೇ ಓಣಿಯ ಇಬ್ಬರು ಕರದಂಟಿನವರು ಒಬ್ಬನೇ ಸಲಹೆಗಾರನನ್ನು ಒಪ್ಪಲಾರರು ಎಂಬ ಆಕ್ಷೇಪ ನ್ಯಾಯವಾದದ್ದು. ಒಬ್ಬರ ಪಾಕದ ಗುಟ್ಟು ಇನ್ನೊಬ್ಬರಿಗೆ ತಲುಪುವ ಭಯ ಇದ್ದೇ ಇರುತ್ತದೆ. ಆದ್ದರಿಂದ ಗುಂಪಿನಲ್ಲಿ ಧಂದೆಗಳು ಬೇರೆ ಬೇರೆಯಾಗಿರಬೇಕು: ಒಂದು ಕರದಂಟು, ಮೂಡಲಗಿ ಕಡೆಯ ಒಂದು ಬೆಲ್ಲದ ಗಾಣ, ಒಂದು ಗೊಬ್ಬರದ ಅಂಗಡಿ, ಒಂದು ಟ್ರೇಲರ್ ವರ್ಕ್‌ಶಾಪ್, ಒಂದು ಸೌಹಾರ್ದ, ಒಂದು ಅಡತ. ಉತ್ಪಾದನಾ ಘಟಕಗಳಿಗೆ 2023ರ ಮಾರ್ಚ್‌ನಲ್ಲಿ ಆರಂಭವಾದ ಕೇಂದ್ರದ ಲೀನ್ ಯೋಜನೆಯಲ್ಲಿ ಸಲಹೆಗಾರರ ಶುಲ್ಕ ಸೇರಿ ಅನುಷ್ಠಾನದ ವೆಚ್ಚದ ಶೇ. 90ರವರೆಗೆ ನೆರವು ಗೊತ್ತುಮಾಡಲಾಗಿದೆ. ವರ್ಕ್‌ಶಾಪಿನವರು ಇದನ್ನು ವಿಚಾರಿಸಿ ನೋಡಬೇಕು. ವಾಣಿಜ್ಯ ಮಂಡಳಿಗಳು ಇಂತಹ ಗುಂಪನ್ನು ಕೂಡಿಸಿ, ಕರಾರು ಪತ್ರದ ಮಾದರಿಯೊಂದನ್ನು ಸಿದ್ಧಪಡಿಸಿಕೊಟ್ಟರೆ ಅರ್ಧ ಕೆಲಸವಾದಂತೆ.

ಕರಾರಿನಲ್ಲಿ ಗುಟ್ಟು ಕಾಪಾಡುವ ಷರತ್ತಿನಷ್ಟೇ ಮುಖ್ಯವಾದದ್ದು ಶುಲ್ಕದ ಹಂಚಿಕೆ. ಮುಕ್ಕಾಲು ಭಾಗ ತಿಂಗಳು ತಿಂಗಳು ಸಂದಾಯವಾಗಲಿ, ಕಾಲು ಭಾಗ ವರ್ಷದ ಕೊನೆಗೆ ಫಲಿತಾಂಶ ನೋಡಿ ಸಂದಾಯವಾಗಲಿ. ಫಲಿತಾಂಶದ ಬಗ್ಗೆ ಜಗಳ ಬರಬಾರದೆಂದರೆ ಆರಂಭದ ದಿನದ ಸ್ಥಿತಿ ಬರಹದಲ್ಲಿರಬೇಕು: ಎಷ್ಟು ಸ್ಟಾಕು, ಎಷ್ಟು ಉದ್ರಿ, ಅದರಲ್ಲಿ ಮೂರು ತಿಂಗಳು ಮೀರಿದ್ದೆಷ್ಟು, ಬ್ಯಾಂಕಿನ ಸಾಲವೆಷ್ಟು. ಆದಾಯ ತೆರಿಗೆಯ ವರ್ಷ ಏಪ್ರಿಲ್‌ನಿಂದ ಆರಂಭವಾದರೂ ಈ ಎಣಿಕೆಗೆ ದೀಪಾವಳಿಯ ಹಿಂದಿನ ವಾರವೇ ಅನುಕೂಲ. ಹೊಸ ಖಾತೆ ಪುಸ್ತಕದ ಪೂಜೆಗೆಂದು ಅಂಗಡಿಯ ಕಪಾಟುಗಳು ಹೇಗೂ ಖಾಲಿಯಾಗುತ್ತವೆ, ಹಳೆಯ ಬಾಕಿ ಪಟ್ಟಿ ಹೇಗೂ ಹೊರಬರುತ್ತದೆ.